ಹರಿದ ಶರ್ಟಿಗೆ ಒಂದು ಸ್ಟಾರ್

ಗೆಳೆಯರೇ, ಈಗಷ್ಟೇ ಈ ಪರದೇಶದ ಕಡಲೂರಿನ ಜಾನ್ಸನ್‌ವಿಲ್ ಬಡಾವಣೆಯಲ್ಲಿ ಗೆಳೆಯ ರಘು ಮನೆಯ ಊಟ ಮುಗಿಸಿ ಬಂದೆ. ಹೊಟ್ಟೆ ತುಂಬಿದೆ, ಬಾಯಿ ಕಹಿಯಾಗಿದೆ.

ರಘು ಹೋದ ವಾರ ಕೀನ್ಯಾದ ಸಫಾರಿಯಿಂದ ವಾಪಸಾಗಿದ್ದಾನೆ. ಪಲಾವ್ ಬಡಿಸುವ ಮೊದಲೇ ಫೋನ್ ತೋರಿಸಿದ. "ಗೈಡ್‌ಗೆ ರಿವ್ಯೂನಲ್ಲಿ ಒಂದೇ ಸ್ಟಾರ್ ಕೊಟ್ಟೆ ಗುರು. ಈಗ ದಿನಾ ಮೆಸೇಜ್ ಮಾಡ್ತಾನೆ, 'ಸರ್, ದಯವಿಟ್ಟು ತೆಗೀರಿ, ಕೆಲಸ ಹೋಗುತ್ತೆ' ಅಂತ."

"ಪಾಪ, ಏನು ಮಾಡಿದ?"

"ನನ್ನ ಕಾಲರ್ ಹಿಡಿದು ಎಳೆದ! ಹೊಸ ಶರ್ಟು, ಹರಿದೇ ಹೋಯ್ತು. ಕಸ್ಟಮರ್ ಅನ್ನೋ ಮರ್ಯಾದೆ ಬೇಡ್ವಾ?"

ಅವನ ಹೆಂಡತಿ ಸವಿತಾ ಮೊಸರುಬಜ್ಜಿ ತಂದಿಡುತ್ತಾ, "ಯಾಕೆ ಎಳೆದ ಅನ್ನೋದೂ ಹೇಳ್ರೀ. ಅವನು ಬೇಡ ಬೇಡ ಅಂದ್ರೂ ಸೆಲ್ಫಿಗೆ ಅಂತ ಜೀಪಿಂದ ಇಳಿದ್ರಿ. ಆನೆ ನುಗ್ಗಿ ಬಂತು" ಎಂದಳು.

"ಅದು ಬೇರೆ ವಿಷಯ" ಎಂದ ರಘು.

ನಾನು ಈ ಊರಲ್ಲಿ ಪ್ರವಾಸಿಗರನ್ನು ವ್ಯಾನಿನಲ್ಲಿ ಸುತ್ತಾಡಿಸಿಯೇ ಬದುಕು ಕಟ್ಟಿಕೊಂಡವನು. ಒಂದು ಸ್ಟಾರ್ ಬಿದ್ದರೆ ಎಷ್ಟು ದಿನ ಫೋನ್ ರಿಂಗಾಗುವುದಿಲ್ಲ ಎಂಬ ಲೆಕ್ಕ ನನಗೆ ಬಾಯಿಪಾಠ.

"ತೆಗೆದುಬಿಡೋ. ಅವನು ಎಳೆದಿದ್ದಕ್ಕೇ ತಾನೇ ನೀನಿಲ್ಲಿ ಪಲಾವ್ ತಿಂತಿರೋದು?" ಎಂದೆ.

"ಹಾಗಾದ್ರೆ ಶರ್ಟಿಗೆ ಯಾರು ಹೊಣೆ?" ಎಂದು ಫೋನನ್ನು ಜೇಬಿಗಿಳಿಸಿದ.

ಹೊರಡುವಾಗ ಬಾಗಿಲ ತನಕ ಬಂದು ಬೆನ್ನು ತಟ್ಟಿದ. "ಶನಿವಾರ ನಿನ್ನ ವ್ಯಾನಲ್ಲಿ ಸೀಲ್ ಪ್ರಾಣಿ ನೋಡೋಕೆ ಹೋಗೋಣ. ಸಮುದ್ರದಂಚಿನ ಬಂಡೆ ಮೇಲೆ ನಿಂತು ಒಂದು ಸೆಲ್ಫಿ ಬೇಕೇ ಬೇಕು."

"ಧಾರಾಳವಾಗಿ ಬಾ" ಎಂದೆ. "ಹೊಸ ಶರ್ಟೇ ಹಾಕ್ಕೊಂಡು ಬಾ. ನಾನು ಯಾರ ಕಾಲರಿಗೂ ಕೈ ಹಾಕೋನಲ್ಲ."