ಆ್ಯಪ್‌ಗೆ ಬೇಡವಾದ ಓಣಿ

ಗೆಳೆಯರೇ, ಬೆಟಗೇರಿ ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಐದು ನಿಮಿಷದ ನಡಿಗೆ. ಇಂದು ಮಧ್ಯಾಹ್ನ ಸಹೋದ್ಯೋಗಿ ಶ್ವೇತಾ ಮುಕ್ಕಾಲು ಗಂಟೆ ನಡೆದು ಬಂದಳು. ತಲೆತುಂಬ ಲಾರಿಗಳ ಧೂಳು, ಬೆನ್ನಿಗೆ ಎರಡು ನಾಯಿ. ದಾರಿ ತೋರಿಸುವ ಆ್ಯಪ್ ನಮ್ಮ ಓಣಿಯನ್ನು ತಪ್ಪಿಸಿ, ಬೈಪಾಸ್ ಸುತ್ತಿಸಿ, ಅವಳನ್ನು ನಮ್ಮ ಹಿತ್ತಲಿಗೆ ತಂದು ಬಿಟ್ಟಿತ್ತು. ಯಾರೋ ದಾರಿಹೋಕರು ಆ್ಯಪ್‌ನಲ್ಲಿ ಬರೆದಿಟ್ಟ ಕಾರಣವನ್ನು ಅವಳ ಮೊಬೈಲಿನಲ್ಲೇ ಓದಿದೆ: “ಅಸುರಕ್ಷಿತ ಓಣಿ. ಇಲ್ಲೊಬ್ಬ ಮಹಿಳೆ ಪಾದಚಾರಿಗಳನ್ನು ತಡೆದು ವಿಚಾರಣೆ ಮಾಡುತ್ತಾಳೆ.”

ಆ ಮಹಿಳೆ ನಮ್ಮವ್ವ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ, ಹೋಗಿಬರುವವರನ್ನೆಲ್ಲ “ಯಾರ ಪೈಕಿರಿ ನೀವು? ಚಾ ಕುಡದ ಹೋಗ್ರಿ” ಎಂದು ನಿಲ್ಲಿಸುವುದು ಅವಳ ನಿತ್ಯದ ಅಪರಾಧ.

ಓದಿ ಹೇಳಿದೆ. ಅವ್ವ ಮೊರ ಕೆಳಗಿಟ್ಟಳು. “ಹಿಂಗ ಬರದಾಂವ ಯಾರ ಪೈಕಿ? ಮನಿಗೆ ಕರಿ ಅವನ್ನ, ಚಾ ಕುಡಿಸೇ ಕೇಳ್ತೀನಿ!”

ಬರೆದ ಪುಣ್ಯಾತ್ಮರೇ, ಇನ್ನು ಮೇಲೆ ನೀವು ಬೈಪಾಸಿನಲ್ಲೇ ಹೋಗಿ. ನಿಮ್ಮ ಪಾಲಿಗೆ ನಮ್ಮ ಓಣಿ ಈಗ ನಿಜಕ್ಕೂ ಅಸುರಕ್ಷಿತ.