ಘಾಟು ಬಾರದ ಮೆಣಸಿನಕಾಯಿ

ಕೆಂಡದ ಮೇಲೆ ಬಿದ್ದ ಒಣಮೆಣಸಿನಕಾಯಿ ಕರಕಲಾಯಿತೇ ಹೊರತು ಘಾಟು ಬರಲಿಲ್ಲ. "ನೋಡಿದ್ಯಾ? ಒಬ್ರಿಗೂ ಕೆಮ್ಮು ಬರ್ಲಿಲ್ಲ. ನನ್ನ ಮಗಳಿಗೆ ಯಾರದೋ ಕೆಟ್ಟ ಕಣ್ಣೇ ಬಿದ್ದಿದೆ ಕಣೇ," ಎಂದಳು ಗೆಳತಿ ಸುಧಾ. ಮನೆಯೊಳಗೆ ಸುಟ್ಟರೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆಂದು ಗಾಲ್ವೇ ಊರಿನ ಅವಳ ಮನೆಯ ಹಿತ್ತಲಲ್ಲಿ, ಬಾರ್ಬೆಕ್ಯೂ ಒಲೆಯ ಮುಂದೆ ನಿಂತಿದ್ದೆವು.

ಆ ಮಧ್ಯಾಹ್ನವಷ್ಟೇ ನಮ್ಮಿಬ್ಬರ ಹೆಣ್ಣುಮಕ್ಕಳ ಕಾಲೇಜು ಫುಟ್‌ಬಾಲ್ ತಂಡ ಈ ವರ್ಷದ ಮೊದಲ ಪಂದ್ಯ ಗೆದ್ದಿತ್ತು. ಅದೂ ಒಂದು ಗೆಲುವೇ? ನಮ್ಮ ಡಿಫೆನ್ಸ್ ಜರಡಿಯಂತಿತ್ತು. ಎದುರಾಳಿಗಳ ಚೆಂಡು ಕಂಬಕ್ಕೆ ಬಡಿದು ಬಡಿದು ನಾವು ಬಚಾವಾದೆವು. ಕೊನೆಗೆ ಸುಧಾಳ ಮಗಳು ನಿಧಿಯ ಮೊಣಕಾಲಿಗೆ ತಗುಲಿದ ಚೆಂಡು ತಾನಾಗಿಯೇ ಗೋಲಿನೊಳಗೆ ಉರುಳಿತು. ಎಲ್ಲರೂ ಅವಳನ್ನು ಎತ್ತಿ ಕುಣಿದಾಡಿದರು. ಅವಳ ಜಾಗಕ್ಕೇ ಬದಲಿ ಆಟಗಾರ್ತಿಯಾದ ನನ್ನ ಮಗಳು ಈಶಾ, ಜಾಕೆಟ್ ಕೂಡ ಬಿಚ್ಚದೆ ಬೆಂಚಿನ ಮೇಲೆ ಕೂತಿದ್ದಳು.

"ಹೀಗೇ ಆಡಿದ್ರೆ ಮುಂದಿನ ಮ್ಯಾಚ್ ಗತಿ ಏನೇ?" ಎಂದು ಕಾರಿನಲ್ಲಿ ಕೇಳಿದೆ. "ವಿ ವನ್, ಅಮ್ಮ. ಇಟ್ಸ್ ಗ್ರ್ಯಾಂಡ್," ಎಂದಳು ಈಶಾ. ನನ್ನ ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಸಂಜೆಗೆ ನಿಧಿಯ ಅದೇ ಮೊಣಕಾಲು ಊದಿಕೊಂಡಿತು. ಅದಕ್ಕೇ ಸುಧಾ ದೃಷ್ಟಿ ತೆಗೆದದ್ದು. ಸಮುದ್ರದ ಗಾಳಿ ಘಾಟನ್ನೆಲ್ಲ ಪಕ್ಕದ ಮನೆಯತ್ತ ಹೊತ್ತೊಯ್ಯುತ್ತಿದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಕಣ್ಣು ಯಾರದೆಂದು ಅವಳು ಯೋಚಿಸುವ ಮೊದಲೇ ಜೋರಾಗಿ ಕೆಮ್ಮಿ, "ಅಬ್ಬಾ, ಏನು ಘಾಟೇ!" ಎಂದೆ.

ಎರಡನೇ ಪಂದ್ಯ ಶನಿವಾರ. ನಿಧಿಯ ಕಾಲು ವಾಸಿಯಾಗಲೆಂದು ದಿನವೂ ದೇವರಿಗೆ ದೀಪ ಹಚ್ಚಿ ಕೈಮುಗಿಯುತ್ತಿದ್ದೇನೆ. ಭಾನುವಾರಕ್ಕೆ ವಾಸಿಯಾದರೂ ಸಾಕು.