ಗ್ವಾಡಿ ಬಿಡಬ್ಯಾಡ್ರವ್ವಾ

ಕೊಪ್ಪಳದ ನಮ್ಮ ವಿಶ್ವವಿದ್ಯಾಲಯದಲ್ಲಿ ಅಗ್ನಿಸುರಕ್ಷತೆಯ ನಿಯಮಪಾಲನೆ ನೋಡುತ್ತಿದ್ದ ಅಧಿಕಾರಿಯನ್ನು ನಾವು ಹಾಸ್ಟೆಲ್ ಹುಡುಗಿಯರು ಬೆಂಕಿ ಸಾಹೇಬರು ಎನ್ನುತ್ತಿದ್ದೆವು. ಹೊಗೆಯಲ್ಲಿ ದಾರಿ ಕಾಣುವುದಿಲ್ಲವೆಂದು ನಮ್ಮ ಕಣ್ಣು ಮುಚ್ಚಿಸಿ, ಗೋಡೆ ಹಿಡಿಸಿ, ಹಿಂದಿನ ಮೆಟ್ಟಿಲಿನವರೆಗೆ ನಡೆಸುತ್ತಿದ್ದರು. “ಗ್ವಾಡಿ ಬಿಡಬ್ಯಾಡ್ರವ್ವಾ,” ಎನ್ನುತ್ತ ತಾವೂ ಕಣ್ಣು ಮುಚ್ಚಿ ಮುಂದೆ ಹೋಗುತ್ತಿದ್ದರು.

ಒಮ್ಮೆ ವಾರ್ಡನ್ ಆ ದಾರಿಯಲ್ಲಿ ಇರಿಸಿದ್ದ ಕಬ್ಬಿಣದ ಅಲಮಾರಿಗೆ ಅವರ ಹಣೆ ಬಡಿಯಿತು. ಬೈಯಲಿಲ್ಲ. ಅಲ್ಲೇ ನೆಲಕ್ಕೆ ಕೂತು, “ನಾ ಇಲ್ಲೇ ಸತ್ತೆ ನೋಡ್ರಿ ಮೇಡಮ್ಮರ,” ಎಂದರು. ಅಲಮಾರಿ ಸರಿಸುವ ತನಕ ಏಳಲಿಲ್ಲ.

ಆಮೇಲೆ ಸಾಹೇಬರು ನಿವೃತ್ತರಾಗಿ ಊರಿಗೆ ಹೋದರಂತೆ. ಯಾವ ಊರೆಂದು ನಾವ್ಯಾರೂ ಕೇಳಿರಲಿಲ್ಲ.

ಮೊನ್ನೆ ತಂಗಿಯನ್ನು ಅದೇ ಹಾಸ್ಟೆಲಿಗೆ ಬಿಡಲು ಗಂಗಾವತಿಯಿಂದ ಹೋಗಿದ್ದೆ. ಅವರ ನೆನಪಾಗಿ ಕಣ್ಣು ಮುಚ್ಚಿ, ಗೋಡೆ ಹಿಡಿದು ಹಿಂದಿನ ಮೆಟ್ಟಿಲ ಕಡೆ ನಡೆದೆ. ಮತ್ತೆ ಅದೇ ಜಾಗಕ್ಕೆ ಬಂದಿದ್ದ ಅಲಮಾರಿ ಹಣೆಗೆ ಬಡಿಯಿತು.

ಅಲ್ಲೇ ಕೂತೆ. ಹೊಸ ವಾರ್ಡನ್ ಓಡಿ ಬಂದು ಕೈ ಚಾಚಿದರು. ನಾನು ಏಳಲಿಲ್ಲ.